‘ಕೌಟೌ’: ಒಂದು ವಂದನೆಯ ಕಥೆ

ದೊಡ್ಡವರ ಮುಂದೆ ಮಾನಬಿಟ್ಟು ಹಲ್ಲುಗಿರಿಯುವವನನ್ನು ಹಳಿಯಲು ಇಂಗ್ಲಿಷಿನಲ್ಲಿ ‘ಕೌಟೌ’ ಎಂಬ ಮಾತುಂಟು. ಮೂಲದಲ್ಲಿ ಇದು ಚೀನೀ ಪದ. ಮೊದಲ ಭಾಗಕ್ಕೆ ತಟ್ಟುವುದು ಎಂದೂ ಎರಡನೆಯದಕ್ಕೆ ತಲೆ ಎಂದೂ ಅರ್ಥ. ಹಣೆಯನ್ನು ನೆಲಕ್ಕೆ ಮುಟ್ಟಿಸಿ ಮಾಡುವ ವಂದನೆ. ತಂದೆತಾಯಿಗಳಿಗೆ, ಗುರುಗಳಿಗೆ, ಪಿತೃಗಳಿಗೆ ಚೀನೀಯರು ಇದನ್ನು ಸಲ್ಲಿಸುತ್ತಿದ್ದರು. ಚಕ್ರವರ್ತಿಯ ಮುಂದಾದರೆ ಮೂರು ಸಲ ಮಂಡಿಯೂರಿ ಒಂಬತ್ತು ಸಲ ಹಣೆ ಮುಟ್ಟಿಸಬೇಕು. ನಮ್ಮ ಸಾಷ್ಟಾಂಗವನ್ನು ನೆನಪಿಗೆ ತರುವ ಈ ವಂದನೆ ಇಂಗ್ಲಿಷಿನಲ್ಲಿ ನಿಂದೆಯಾದುದು ಹೇಗೆ?

1793ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನು ಲಾರ್ಡ್ ಮೆಕಾರ್ಟ್ನಿಯ ಮುಖಾಂತರ ಚೀನಾದೊಡನೆ ವ್ಯಾಪಾರದ ಮಾತು ನಡೆಸಿದನು. ಈ ಮೆಕಾರ್ಟ್ನಿ ನಮಗೆ ಅಪರಿಚಿತನಲ್ಲ. 1784ರಲ್ಲಿ ಮಂಗಳೂರಿನಲ್ಲಿ ಟಿಪ್ಪು ಸುಲ್ತಾನನೊಡನೆ ಕಂಪನಿಯ ಒಪ್ಪಂದವಾದಾಗ ಮದರಾಸಿನ ಗವರ್ನರನಾಗಿದ್ದವನು ಇವನೇ. ತನ್ನ ದೊರೆಯ ಚಿತ್ರಪಟಕ್ಕೆ ಸಮಾನ ದರ್ಜೆಯ ಚೀನೀ ಅಧಿಕಾರಿಯೊಬ್ಬನು ಕೌಟೌ ಮಾಡುವುದಾದರೆ ತಾನೂ ಸಿದ್ಧನೆಂದು ಇವನು ಹೇಳಿದನು. ಅದಕ್ಕೆ ಒಪ್ಪಿಗೆ ದೊರೆಯಲಿಲ್ಲ. ಸೆಪ್ಟೆಂಬರ್ 14ರಂದು ಜೆಹೋಲಿನಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿಯೆದುರು ಒಂದೇ ಮಂಡಿಯೂರಿದೆನೆಂದು ಅವನ ದಿನಚರಿ ಹೇಳುತ್ತದೆ. ಚಕ್ರವರ್ತಿ ವ್ಯಾಪಾರದ ಬೇಡಿಕೆಗಳನ್ನೆಲ್ಲ ತಳ್ಳಿಹಾಕಿದನು.

ಪರಿವಾರದಲ್ಲಿದ್ದ ಜಾನ್ ಬ್ಯಾರೋ 1804ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಿಂದ ಈ ಪದ ಇಂಗ್ಲಿಷ್ ಓದುಗರಿಗೆ ಪರಿಚಯವಾಯಿತು. 1816ರಲ್ಲಿ ಹೋದ ಲಾರ್ಡ್ ಆಮ್‌ಹರ್ಸ್ಟ್ ಕೌಟೌ ಮಾಡಲೊಪ್ಪದೆ, ಚಕ್ರವರ್ತಿಯ ದರ್ಶನವೂ ಇಲ್ಲದೆ ಹಿಂದಿರುಗಬೇಕಾಯಿತು. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ಕಂಪನಿಗೆ ಮಣಿಯಲೊಲ್ಲೆನೆಂದು ನಿಂತಾಗ ಗವರ್ನರ್ ಜನರಲ್ ಆಗಿದ್ದವನು ಈ ಆಮ್‌ಹರ್ಸ್ಟನೇ! ತಾನು ತಲೆಬಾಗದವನು ಇತರರ ತಲೆ ಬಾಗಬೇಕೆಂದು ಬಯಸುವುದು ಚರಿತ್ರೆಯಲ್ಲಿ ಹೊಸದೇನಲ್ಲ. ಮುಂದೆ ಎರಡು ಯುದ್ಧಗಳಲ್ಲಿ ಚೀನಾ ಸೋತಿತು. 1873ರಲ್ಲಿ ವಿದೇಶೀ ರಾಯಭಾರಿಗಳು ಕೌಟೌ ಇಲ್ಲದೆಯೇ ಚಕ್ರವರ್ತಿಯನ್ನು ಕಂಡರು.

ಪದವನ್ನು ಕೊಟ್ಟವರು ಆ ವಂದನೆಯನ್ನು ಮಾಡುತ್ತಿದ್ದವರು. ಇಂಗ್ಲಿಷಿನಲ್ಲಿ ಅದರ ಅರ್ಥವನ್ನು ಗೊತ್ತುಮಾಡಿದವರು ಅದನ್ನು ಮಾಡಲೊಪ್ಪದವರು. ಹೀಗಾಗಿ ರಾಜನ ಆಸ್ಥಾನದ ಭಯವಷ್ಟೇ ಕಡಲು ದಾಟಿತು. ಮನೆಯೊಳಗಿನ ಭಕ್ತಿ ಚೀನಾದಲ್ಲಿಯೇ ಉಳಿಯಿತು. ಕನ್ನಡದ ‘ಅಡ್ಡಬೀಳು’ ಎಂಬ ಮಾತನ್ನು ನೋಡಿ. ದೇವರಿಗೆ ಅಡ್ಡಬೀಳುವುದು ಭಕ್ತಿ. ಅಧಿಕಾರಿಗೆ ಅಡ್ಡಬೀಳುವುದು ಹೀನಾಯ. ಆ ವಂದನೆಯನ್ನು ಮಾಡಿದವರೂ ಹಾಸ್ಯಮಾಡಿದವರೂ ನಾವೇ ಆದುದರಿಂದ ಎರಡು ಅರ್ಥಗಳೂ ನಮ್ಮಲ್ಲಿ ಉಳಿದುಕೊಂಡಿವೆ. ಎರವಲು ಪದದ ಅರ್ಥವನ್ನು ನಿಘಂಟಿನಲ್ಲಿ ಹುಡುಕುವಾಗ, ಅದನ್ನು ಬರೆದವರು ಯಾರೆಂಬುದನ್ನೂ ಒಮ್ಮೆ ವಿಚಾರಿಸುವುದು ಒಳ್ಳೆಯದು.