ಡಿವೈಸ್ ಟ್ರೀ ಮತ್ತು ಬೋರ್ಡ್ ಸಾಧನಗಳ ವಿದ್ಯುತ್ ನಿರ್ವಹಣೆ

ಒಂದು ಕಂಪ್ಯೂಟರ್ ಬೋರ್ಡಿನ ಮೇಲೆ ಯಾವ ಚಿಪ್‌ಗಳಿವೆ, ಅವುಗಳ ವಿಳಾಸವೇನು, ಯಾವುದು ಯಾವುದಕ್ಕೆ ಜೋಡಣೆಯಾಗಿದೆ, ಯಾವ ಮೂಲದಿಂದ ವಿದ್ಯುತ್ ಪಡೆಯುತ್ತದೆ ಎಂಬುದನ್ನು ಆಪರೇಟಿಂಗ್ ಸಿಸ್ಟಂನ ಕರ್ನೆಲ್‌ಗೆ ತಿಳಿಸುವ ದತ್ತಾಂಶ ರಚನೆಗೆ ಡಿವೈಸ್ ಟ್ರೀ ಎಂದು ಹೆಸರು. ಮೊಬೈಲ್ ಫೋನ್, ರೂಟರ್, ರಾಸ್ಪ್‌ಬೆರಿ ಪೈಯಂಥ ಪುಟ್ಟ ಬೋರ್ಡ್‌ಗಳಲ್ಲಿ ಲಿನಕ್ಸ್ ಕೆಲಸ ಮಾಡುವುದು ಬಹುಮಟ್ಟಿಗೆ ಇದನ್ನು ನಂಬಿ. ಯಂತ್ರಾಂಶದ ತಿಳಿವಳಿಕೆ ಕೋಡಿನಿಂದ ಹೊರಬಂದು ಪ್ರತ್ಯೇಕ ವಿವರಣೆಯಾದ ಬಗೆಯೇ ಇದರ ಇತಿಹಾಸ. ಆದರೆ ಸಾಧನಕ್ಕೆ ವಿದ್ಯುತ್ ಕೊಡುವ ಕ್ರಮವನ್ನು ಬರೀ ವಿವರಣೆಯಲ್ಲಿ ಹಿಡಿದಿಡಲು ಆಗಲಿಲ್ಲ. ಆ ತೊಡಕು ಬಿಡಿಸಲು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು.

ಹಿನ್ನೆಲೆ

ಕೆಲವು ಸಾಧನಗಳು ತಮ್ಮ ಪರಿಚಯವನ್ನು ತಾವೇ ಹೇಳಿಕೊಳ್ಳುತ್ತವೆ. 1992ರ ಪಿಸಿಐ ಮತ್ತು 1996ರ ಯುಎಸ್‌ಬಿ ಮಾನದಂಡಗಳ ಪ್ರಕಾರ ಪ್ರತಿ ಸಾಧನವೂ ತಯಾರಕರ ಸಂಖ್ಯೆ ಮತ್ತು ಉತ್ಪನ್ನದ ಸಂಖ್ಯೆಯನ್ನು ಹೊತ್ತಿರುತ್ತದೆ. ಕರ್ನೆಲ್ ಅದನ್ನು ಓದಿ ಸರಿಯಾದ ಡ್ರೈವರನ್ನು ಜೋಡಿಸುತ್ತದೆ. ಆದರೆ ಐ2ಸಿ, ಎಸ್‌ಪಿಐಯಂಥ ಸರಳ ಬಸ್‌ಗಳಿಗೆ ಬೆಸೆದ ತಾಪ ಸಂವೇದಕ, ಆಡಿಯೊ ಚಿಪ್ ಮೊದಲಾದವಕ್ಕೆ ಹೀಗೆ ಹೇಳಿಕೊಳ್ಳುವ ದಾರಿ ಇಲ್ಲ. ಅವು ಅಲ್ಲಿವೆ ಎಂದು ಯಾರಾದರೂ ಮೊದಲೇ ತಿಳಿಸಬೇಕು.

ಈ ಸಮಸ್ಯೆಗೆ ಒಂದು ಹಳೆಯ ಉತ್ತರ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯದು. 1989ರ ಸ್ಪಾರ್ಕ್‌ಸ್ಟೇಷನ್ 1 ಯಂತ್ರದಲ್ಲಿ ಮಿಚ್ ಬ್ರ್ಯಾಡ್ಲಿ ರೂಪಿಸಿದ ಓಪನ್‌ಬೂಟ್ ಎಂಬ ಫರ್ಮ್‌ವೇರ್ ಇತ್ತು. ಫೋರ್ತ್ ಭಾಷೆಯನ್ನು ಆಧರಿಸಿದ ಅದು ಯಂತ್ರದ ಭಾಗಗಳನ್ನೆಲ್ಲ ಒಂದು ಮರದ ರೂಪದಲ್ಲಿ ಜೋಡಿಸಿ ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುತ್ತಿತ್ತು. 1994ರಲ್ಲಿ ಇದು ಓಪನ್ ಫರ್ಮ್‌ವೇರ್ ಎಂಬ ಹೆಸರಿನಲ್ಲಿ ಐಇಇಇ 1275 ಮಾನದಂಡವಾಯಿತು. ಆಪಲ್ ಮತ್ತು ಐಬಿಎಂ ತಮ್ಮ ಪವರ್‌ಪಿಸಿ ಪ್ರೊಸೆಸರಿನ ಯಂತ್ರಗಳಲ್ಲಿ ಇದನ್ನು ಅಳವಡಿಸಿಕೊಂಡವು.

ಪಿಸಿ ಜಗತ್ತು ಬೇರೆ ದಾರಿ ಹಿಡಿಯಿತು. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪನಿಗಳು ಎಸಿಪಿಐ ಮಾನದಂಡವನ್ನು ಪ್ರಕಟಿಸಿದವು. ಇಲ್ಲಿ ಫರ್ಮ್‌ವೇರ್ ಸಾಧನಗಳ ಪಟ್ಟಿಯ ಜೊತೆಗೆ ಅವುಗಳನ್ನು ಚಾಲೂ ಮಾಡುವ, ಆರಿಸುವ ಸಣ್ಣ ಸಣ್ಣ ಪ್ರೋಗ್ರಾಂಗಳನ್ನೂ ಕೊಡುತ್ತದೆ. ಕರ್ನೆಲ್ ಒಳಗಿನ ಇಂಟರ್‌ಪ್ರಿಟರ್ ಅವುಗಳನ್ನು ನಡೆಸುತ್ತದೆ. ವಿದ್ಯುತ್ ಕ್ರಮದ ಹೊಣೆ ಹೀಗೆ ಯಂತ್ರ ತಯಾರಕರ ಪಾಲಾಯಿತು.

ಚಪ್ಪಟೆ ಮರ

ಪವರ್‌ಪಿಸಿ ಆಧಾರಿತ ಸಣ್ಣ ಬೋರ್ಡ್‌ಗಳಲ್ಲಿ ಓಪನ್ ಫರ್ಮ್‌ವೇರ್ ಇರುತ್ತಿರಲಿಲ್ಲ. ಜೊತೆಗೆ, ಓಡುತ್ತಿರುವ ಕರ್ನೆಲ್ ಇನ್ನೊಂದು ಕರ್ನೆಲನ್ನು ನೇರವಾಗಿ ಆರಂಭಿಸುವ ಕೆಎಕ್ಸೆಕ್ ಸೌಲಭ್ಯ ಬಂದಿತ್ತು. ಎರಡನೆಯ ಕರ್ನೆಲ್ ಶುರುವಾಗುವ ಹೊತ್ತಿಗೆ ಫರ್ಮ್‌ವೇರ್ ಕೆಲಸ ಮುಗಿಸಿರುತ್ತದೆ, ಅದನ್ನು ಕೇಳಿ ತಿಳಿಯುವಂತಿಲ್ಲ. 2005ರಲ್ಲಿ ಬೆಂಜಮಿನ್ ಹೆರೆನ್‌ಶ್ಮಿಟ್ ಇದಕ್ಕೆ ಪರಿಹಾರ ರೂಪಿಸಿದರು. ಇಡೀ ಮರವನ್ನು ಒಂದೇ ಬೈನರಿ ತುಣುಕಾಗಿ ಚಪ್ಪಟೆ ಮಾಡಿ ಮೆಮೊರಿಯಲ್ಲಿಟ್ಟರೆ, ಬೂಟ್‌ಲೋಡರ್ ಅದರ ವಿಳಾಸವನ್ನಷ್ಟೇ ಕರ್ನೆಲ್‌ಗೆ ದಾಟಿಸಿದರೆ ಸಾಕು. ಮನುಷ್ಯರು ಓದಬಲ್ಲ ಪಠ್ಯದಿಂದ ಈ ಬೈನರಿಯನ್ನು ತಯಾರಿಸುವ ಡಿಟಿಸಿ ಕಂಪೈಲರನ್ನು ಡೇವಿಡ್ ಗಿಬ್ಸನ್ ಬರೆದರು.

ಲಿನಕ್ಸ್‌ನ ಎರಡು ಪವರ್‌ಪಿಸಿ ಶಾಖೆಗಳು ಒಂದಾಗುತ್ತಿದ್ದ ಕಾಲ ಅದು. ಹೊಸ ಶಾಖೆಯಲ್ಲಿ ಡಿವೈಸ್ ಟ್ರೀ ಕಡ್ಡಾಯವಾಯಿತು. ಹಳೆಯ ಶಾಖೆಯನ್ನು 2008ರ 2.6.27 ಆವೃತ್ತಿಯಲ್ಲಿ ತೆಗೆದುಹಾಕಲಾಯಿತು.

ಆರ್ಮ್ ಬಿಕ್ಕಟ್ಟು

ಆರ್ಮ್ ಪ್ರೊಸೆಸರುಗಳ ಬೋರ್ಡ್‌ಗಳಿಗೆ ಆಗ ಒಂದೊಂದಕ್ಕೂ ಸಿ ಭಾಷೆಯ ಬೋರ್ಡ್ ಫೈಲ್ ಇರುತ್ತಿತ್ತು. ಎರಡು ಬೋರ್ಡ್‌ಗಳ ನಡುವೆ ಒಂದು ತಂತಿಯಷ್ಟೇ ವ್ಯತ್ಯಾಸವಿದ್ದರೂ ಕರ್ನೆಲ್‌ಗೆ ಹೊಸ ಕೋಡ್ ಸೇರಬೇಕಿತ್ತು. ಸ್ಮಾರ್ಟ್‌ಫೋನ್‌ಗಳು ಹೆಚ್ಚಿದಂತೆ ಈ ರಾಶಿ ಬೆಳೆಯಿತು. 2011ರ ಮಾರ್ಚ್‌ನಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಈ ಗೊಂದಲದ ಬಗ್ಗೆ ಬಹಿರಂಗವಾಗಿ ಸಿಟ್ಟಾದರು. ಗ್ರ್ಯಾಂಟ್ ಲೈಕ್ಲಿ ಅಷ್ಟರಲ್ಲೇ ಡಿವೈಸ್ ಟ್ರೀ ಕೋಡನ್ನು ಎಲ್ಲ ಪ್ರೊಸೆಸರುಗಳಿಗೂ ಒಗ್ಗುವಂತೆ ಮಾಡುವ ಕೆಲಸದಲ್ಲಿದ್ದರು. ಆರ್ಮ್ ಸಮುದಾಯ ಆ ದಾರಿಗೆ ತಿರುಗಿತು. 2012ರ ಡಿಸೆಂಬರ್‌ನಲ್ಲಿ ಬಂದ 3.7 ಆವೃತ್ತಿಯಲ್ಲಿ ಹಲವು ಕಂಪನಿಗಳ ಆರ್ಮ್ ಚಿಪ್‌ಗಳಿಗೆ ಒಂದೇ ಕರ್ನೆಲ್ ಕಟ್ಟುವುದು ಸಾಧ್ಯವಾಯಿತು. ಅದೇ ಆವೃತ್ತಿಯಲ್ಲಿ ಸೇರಿದ 64 ಬಿಟ್ ಆರ್ಮ್ ಶಾಖೆ ಬೋರ್ಡ್ ಫೈಲ್‌ಗಳಿಲ್ಲದೆಯೇ ಹುಟ್ಟಿತು.

ಒಪ್ಪಿತ ತತ್ವವೊಂದು ಈ ಹಂತದಲ್ಲಿ ಗಟ್ಟಿಯಾಯಿತು: ಡಿವೈಸ್ ಟ್ರೀ ಯಂತ್ರಾಂಶ ಹೇಗಿದೆ ಎಂದು ಹೇಳಬೇಕು, ಅದನ್ನು ಲಿನಕ್ಸ್ ಹೇಗೆ ನಡೆಸಬೇಕು ಎಂದಲ್ಲ. 2016ರಲ್ಲಿ ಡಿವೈಸ್ ಟ್ರೀಯ ಸ್ವತಂತ್ರ ಮಾನದಂಡದ ಮೊದಲ ಆವೃತ್ತಿ ಪ್ರಕಟವಾಯಿತು. ಅನಂತರ ರಾಬ್ ಹೆರಿಂಗ್ ಅವರ ಮುಂದಾಳತ್ವದಲ್ಲಿ ಪ್ರತಿ ಸಾಧನದ ವಿವರಣಾ ನಿಯಮಗಳನ್ನು ಯಾಮಲ್ ಎಂಬ ಪಠ್ಯ ರೂಪಕ್ಕೆ ತಂದು, ತಪ್ಪುಗಳನ್ನು ಯಂತ್ರವೇ ಪತ್ತೆಹಚ್ಚುವಂತೆ ಮಾಡಲಾಯಿತು.

ವಿದ್ಯುತ್ತಿನ ಪ್ರಶ್ನೆ

ಒಂದು ಚಿಪ್ ಎಚ್ಚರಗೊಳ್ಳಲು ಸಾಮಾನ್ಯವಾಗಿ ಮೂರು ಬೇಕು: ಸರಿಯಾದ ವೋಲ್ಟೇಜ್, ಕ್ಲಾಕ್ ಸಂಕೇತ ಮತ್ತು ರೀಸೆಟ್ ತಂತಿಯ ಬಿಡುಗಡೆ. ಇವುಗಳ ನಡುವೆ ಇಂತಿಷ್ಟು ಮಿಲಿಸೆಕೆಂಡ್ ಅಂತರವಿರಬೇಕು ಎಂದು ಚಿಪ್‌ನ ಡೇಟಾಶೀಟ್ ವಿಧಿಸುತ್ತದೆ. ಕ್ರಮ ತಪ್ಪಿದರೆ ಚಿಪ್ ಏಳದೇ ಹೋಗಬಹುದು, ಹಾಳಾಗಲೂಬಹುದು.

ಲಿನಕ್ಸ್‌ನಲ್ಲಿ ವೋಲ್ಟೇಜ್ ನೋಡಿಕೊಳ್ಳುವ ರೆಗ್ಯುಲೇಟರ್ ವ್ಯವಸ್ಥೆಯನ್ನು ಲಿಯಾಮ್ ಗರ್ಡ್‌ವುಡ್ ಮತ್ತು ಮಾರ್ಕ್ ಬ್ರೌನ್ 2008ರಲ್ಲಿ ತಂದರು. ಬಳಸದ ಸಾಧನವನ್ನು ಯಂತ್ರ ಓಡುತ್ತಿರುವಾಗಲೇ ಆರಿಸುವ ರನ್‌ಟೈಮ್ ವಿದ್ಯುತ್ ನಿರ್ವಹಣೆ 2009ರ 2.6.32ರಲ್ಲಿ ಬಂತು. 2012ರ 3.4ರಲ್ಲಿ ಏಕರೂಪದ ಕ್ಲಾಕ್ ವ್ಯವಸ್ಥೆ ಸೇರಿತು. ವಿದ್ಯುತ್ ಮೂಲದ ಡ್ರೈವರ್ ಇನ್ನೂ ಸಿದ್ಧವಿಲ್ಲದಿದ್ದರೆ ಸಾಧನದ ಡ್ರೈವರ್ ಹಿಂದೆ ಸರಿದು ಮತ್ತೆ ಯತ್ನಿಸುವ ಏರ್ಪಾಡು ಬಂದದ್ದೂ ಅದೇ ಆವೃತ್ತಿಯಲ್ಲಿ. ಡಿವೈಸ್ ಟ್ರೀ ಈ ಮೂಲಗಳ ಕೊಂಡಿಗಳನ್ನು ಹೇಳುತ್ತದೆ. ಕ್ರಮ ಮತ್ತು ಅಂತರ ಡ್ರೈವರ್‌ನೊಳಗಿರುತ್ತವೆ.

2012ರಲ್ಲಿ ಎನ್‌ವಿಡಿಯಾದ ಅಲೆಕ್ಸಾಂಡ್ರ್ ಕೂರ್ಬೊ ಈ ಕ್ರಮವನ್ನೂ ಮರದೊಳಗೇ ಬರೆಯುವ ಯೋಜನೆ ಮುಂದಿಟ್ಟರು. ಅದು ಕರ್ನೆಲ್‌ಗೆ ಸೇರಲಿಲ್ಲ. ವಿವರಣೆಯೊಳಗೆ ಹೆಜ್ಜೆಗಳನ್ನು ಬರೆಯತೊಡಗಿದರೆ ಅದು ಪ್ರೋಗ್ರಾಂ ಆಗುತ್ತದೆ ಎಂಬ ಆಕ್ಷೇಪಕ್ಕೆ ತೂಕವಿತ್ತು. 2015ರ 4.0 ಆವೃತ್ತಿಯಲ್ಲಿ ಮೆಮೊರಿ ಕಾರ್ಡ್‌ಗಳ ಎಂಎಂಸಿ ಬಸ್‌ಗೆ, ಮುಖ್ಯವಾಗಿ ಅದಕ್ಕೆ ಅಂಟಿಕೊಂಡ ವೈಫೈ ಚಿಪ್‌ಗಳಿಗೆ, ಸೀಮಿತವಾದ ವಿದ್ಯುತ್ ಕ್ರಮದ ವ್ಯವಸ್ಥೆ ಬಂತು.

ಬೆಸೆದ ಯುಎಸ್‌ಬಿ ಹಬ್

ತಾನೇ ಪರಿಚಯ ಹೇಳಬಲ್ಲ ಸಾಧನವನ್ನು ಬೋರ್ಡಿಗೇ ಬೆಸೆದಾಗ ಹೊಸ ತೊಡಕು ಎದುರಾಯಿತು. ಕೇಬಲ್ ಮೂಲಕ ಚುಚ್ಚುವ ಯುಎಸ್‌ಬಿ ಹಬ್‌ಗೆ ವಿದ್ಯುತ್ ಆ ಕೇಬಲ್‌ನಿಂದಲೇ ಸಿಗಬಹುದು. ಬೆಸೆದ ಹಬ್‌ಗೆ ಪ್ರತ್ಯೇಕ ರೆಗ್ಯುಲೇಟರ್ ಇರುತ್ತದೆ. ವಿದ್ಯುತ್ ಬಾರದೆ ಹಬ್ ಬಸ್‌ನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕಾಣಿಸಿಕೊಳ್ಳದೆ ಡ್ರೈವರ್ ಜೋಡಣೆಯಾಗುವುದಿಲ್ಲ. ಡ್ರೈವರ್ ಇಲ್ಲದೆ ವಿದ್ಯುತ್ ಕೊಡುವವರಿಲ್ಲ. ಅನೇಕರು ರೆಗ್ಯುಲೇಟರನ್ನು ಸದಾ ಚಾಲೂ ಇಟ್ಟು ತೊಡಕಿನಿಂದ ಪಾರಾದರು. ಅದಕ್ಕೆ ತೆತ್ತದ್ದು ಬ್ಯಾಟರಿ.

ಮಥಿಯಾಸ್ ಕೆಲ್ಕೆ ರೂಪಿಸಿ 2022ರ 6.0 ಆವೃತ್ತಿಯಲ್ಲಿ ಸೇರಿದ ಆನ್‌ಬೋರ್ಡ್ ಹಬ್ ಡ್ರೈವರ್ ಈ ಸುತ್ತನ್ನು ಮುರಿಯಿತು. ಅದಕ್ಕೆ ಎರಡು ಭಾಗ. ಮೊದಲನೆಯದು ಮರದಲ್ಲಿ ಹಬ್‌ನ ವಿವರಣೆ ಕಂಡೊಡನೆ ರೆಗ್ಯುಲೇಟರನ್ನು ಚಾಲೂ ಮಾಡುತ್ತದೆ. ಹಬ್ ಎದ್ದು ಬಸ್‌ನಲ್ಲಿ ಕಾಣಿಸಿಕೊಂಡಾಗ ಎರಡನೆಯದು ಅದಕ್ಕೆ ಜೋಡಣೆಯಾಗುತ್ತದೆ. ಯುಎಸ್‌ಬಿ 3 ಹಬ್ ಒಂದೇ ಚಿಪ್ ಆದರೂ ಬಸ್‌ನಲ್ಲಿ ಎರಡು ಸಾಧನಗಳಾಗಿ ತೋರುವುದರಿಂದ, ಅವೆರಡೂ ಒಂದಕ್ಕೊಂದು ಜೋಡಿ ಎಂದು ಮರವೇ ತಿಳಿಸುತ್ತದೆ. ಯಂತ್ರ ನಿದ್ರೆಗೆ ಜಾರುವಾಗ, ಅದನ್ನು ಎಬ್ಬಿಸಬಲ್ಲ ಕೀಬೋರ್ಡಿನಂಥ ಸಾಧನ ಹಬ್‌ಗೆ ಅಂಟಿಕೊಂಡಿಲ್ಲದಿದ್ದರೆ ಡ್ರೈವರ್ ಹಬ್‌ನ ವಿದ್ಯುತ್ ಕಡಿಯಬಲ್ಲದು. 2024ರ 6.10 ಆವೃತ್ತಿಯಲ್ಲಿ ಈ ಡ್ರೈವರ್ ಹಬ್ ಅಲ್ಲದ ಯುಎಸ್‌ಬಿ ಸಾಧನಗಳಿಗೂ ವಿಸ್ತರಿಸಿತು.

ಇತ್ತೀಚಿನ ಬೆಳವಣಿಗೆ

ವೈಫೈ ಮತ್ತು ಬ್ಲೂಟೂತ್ ಎರಡನ್ನೂ ಹೊತ್ತ ಕ್ವಾಲ್‌ಕಾಮ್ ಚಿಪ್‌ಗಳಲ್ಲಿ ವೈಫೈ ಪಿಸಿಐ ಎಕ್ಸ್‌ಪ್ರೆಸ್ ಮೂಲಕ, ಬ್ಲೂಟೂತ್ ಸೀರಿಯಲ್ ತಂತಿಯ ಮೂಲಕ ಮಾತಾಡುತ್ತವೆ. ಡ್ರೈವರ್ ಎರಡು, ವಿದ್ಯುತ್ ಘಟಕ ಒಂದು. ಬಾರ್ಟೊಶ್ ಗೊಲಾಶೆವ್‌ಸ್ಕಿ ತಂದ ವಿದ್ಯುತ್ ಕ್ರಮ ವ್ಯವಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಬಂದ 6.11 ಆವೃತ್ತಿಯಲ್ಲಿ ಈ ಹಂಚಿಕೆಯ ತೊಡಕನ್ನು ಬಗೆಹರಿಸಿತು. ಹಂಚಿಕೆಯ ವಿದ್ಯುತ್ ಘಟಕ ಮರದಲ್ಲಿ ತನ್ನ ನಿಜರೂಪದಲ್ಲೇ ದಾಖಲಾಗುತ್ತದೆ. ಹೆಜ್ಜೆಗಳ ಕ್ರಮ ಅದರ ಡ್ರೈವರ್‌ನಲ್ಲಿರುತ್ತದೆ. ವೈಫೈ ಮತ್ತು ಬ್ಲೂಟೂತ್ ಡ್ರೈವರ್‌ಗಳಿಂದ ಬರುವ ಕೋರಿಕೆಗಳನ್ನು ಅದು ಹೊಂದಿಸುತ್ತದೆ.

ಪ್ರಾಮುಖ್ಯ

ವಿವರಣೆ ಮತ್ತು ಕ್ರಮಗಳ ಈ ಕೆಲಸ ಹಂಚಿಕೆಯಿಂದ ಬಳಕೆದಾರರಿಗೆ ನೇರ ಲಾಭವಿದೆ. ಹಳೆಯ ಡಿವೈಸ್ ಟ್ರೀ ಹೊಸ ಕರ್ನೆಲ್‌ನಲ್ಲೂ ನಡೆಯಬೇಕೆಂಬುದು ಕರ್ನೆಲ್ ಸಮುದಾಯ ಒಪ್ಪಿಕೊಂಡ ಕಟ್ಟುಪಾಡು. ಬೋರ್ಡ್ ಮಾರಾಟ ನಿಂತ ಮೇಲೂ ಅದಕ್ಕೆ ಹೊಸ ಕರ್ನೆಲ್ ಹಾಕುವ ದಾರಿ ಇದರಿಂದ ತೆರೆದಿರುತ್ತದೆ. ಮುಂದೊಂದು ದಿನ ಹೆಚ್ಚು ಮಿತವಾಗಿ ವಿದ್ಯುತ್ ಬಳಸುವ ಕ್ರಮ ಗೊತ್ತಾದರೆ ಡ್ರೈವರನ್ನಷ್ಟೇ ತಿದ್ದಿದರೆ ಸಾಕು. ವಿವರಣೆ ಪ್ರಾಮಾಣಿಕವಾಗಿದ್ದಷ್ಟೂ ಯಂತ್ರದ ಆಯುಸ್ಸು ಹೆಚ್ಚುತ್ತದೆ.