ಕುಲಾವಿ ಹೊಲಿಸಿದರು, ಹೆಣೆಯಲಿಲ್ಲ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ಆತುರಗಾರರ ಮೇಲೆ ಧಾರಾಳವಾಗಿ ಬಳಸುವ ನಾವು ಕುಲಾವಿಯ ಬಗ್ಗೆ ಮಾತ್ರ ಯೋಚಿಸುವುದಿಲ್ಲ. ಗಾದೆಯ ಕ್ರಿಯಾಪದವನ್ನು ಒಮ್ಮೆ ಗಮನಿಸಬೇಕು. ಅದು ಹೊಲಿಸಿದರು ಎನ್ನುತ್ತದೆ, ಹೆಣೆದರು ಎನ್ನುವುದಿಲ್ಲ. ಕುಲಾವಿ ಎಂಬ ಹೆಸರು ಪಾರಸಿಯ ಕುಲಾಹ್‌ನಿಂದ ಬಂದದ್ದು, ವಸ್ತು ಬಟ್ಟೆಯದು, ಅದು ಕತ್ತರಿ ಮತ್ತು ಸೂಜಿಯ ಲೋಕಕ್ಕೆ ಸೇರಿದ್ದು. ಉತ್ತರ ಕರ್ನಾಟಕದ ಕುಂಚಿಗೆಯೂ ಹಾಗೆಯೇ: ನೆತ್ತಿ, ಕಿವಿ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ, ಖಣದಲ್ಲೋ ರೇಷ್ಮೆಯಲ್ಲೋ ಹೊಲಿದ ಉಡುಗೆ. ಆದರೆ ಇವತ್ತು ಮಗುವಿನ ಚಳಿಗಾಲದ ಟೋಪಿ ಎಂದೊಡನೆ ಕಣ್ಣಿಗೆ ಕಟ್ಟುವುದು ಉಲ್ಲನ್ ದಾರದಲ್ಲಿ, ಕ್ರೋಶಾ ಕಡ್ಡಿಯಿಂದ ಹೆಣೆದ, ನೆತ್ತಿಯ ಮೇಲೊಂದು ದಾರದ ಚೆಂಡು ಕೂತಿರುವ ಟೋಪಿ. ನೋಡಿದವರು ಅದನ್ನು ಅಜ್ಜಿಯ ಕಾಲದ್ದು ಎನ್ನುತ್ತಾರೆ. ಅಜ್ಜಿಯ ಕಾಲದ್ದೆಂಬುದು ಸರಿ. ಆ ಅಜ್ಜಿಯ ಮುತ್ತಜ್ಜಿಯ ಕಾಲಕ್ಕೆ ಹೋಗಿ ಹುಡುಕಿದರೆ ಎಲ್ಲೂ ಸಿಗದು. ಇಷ್ಟು ಪುರಾತನವಾಗಿ ಕಾಣುವ ಈ ಟೋಪಿ ಯಂತ್ರಯುಗದ ಕೂಸು, ಅದರ ಹುಟ್ಟಿಗೆ ಚಳಿ ಮುಖ್ಯ ಕಾರಣವೂ ಆಗಿರಲಿಲ್ಲ ಎಂಬುದು ಈ ಬರಹದ ವಾದ.

ಮೊದಲು ಕ್ರೋಶಾದ ವಯಸ್ಸು ನೋಡೋಣ. ಹೆಸರು ಫ್ರೆಂಚಿನದು, ಅರ್ಥ ಪುಟ್ಟ ಕೊಕ್ಕೆ. ಅಚ್ಚಾದ ಕ್ರೋಶಾ ಮಾದರಿಗಳಲ್ಲಿ ಈವರೆಗೆ ಗೊತ್ತಿರುವ ಅತ್ಯಂತ ಹಳೆಯವು ಬಂದದ್ದು ಪೆನೆಲೊಪೆ ಎಂಬ ಡಚ್ ಪತ್ರಿಕೆಯಲ್ಲಿ, 1820ರ ದಶಕದ ಆರಂಭದಲ್ಲಿ. ಅವು ಹಣದ ಚೀಲಗಳ ಮಾದರಿಗಳು. ಅದಕ್ಕೂ ತುಸು ಹಿಂದಿನ, 1812ರ ಸುಮಾರಿನ ಸಂಗತಿಯಾಗಿ ಸ್ಕಾಟ್ಲೆಂಡಿನ ಎಲಿಜಬೆತ್ ಗ್ರಾಂಟ್ ತನ್ನ ನೆನಪುಗಳಲ್ಲಿ ಕುರುಬರ ಹೆಣಿಗೆ ಎಂಬುದೊಂದನ್ನು ಹೇಳುತ್ತಾಳೆ. ಅದು ಕೊಕ್ಕೆಯಿಂದ ಮಾಡುವ ಒತ್ತಾದ, ಬಿಗಿಯಾದ ಉಣ್ಣೆಯ ಹೆಣಿಗೆ, ಇಂದಿನ ಕ್ರೋಶಾದ ಹತ್ತಿರದ ನೆಂಟ. ಯುರೋಪಿನ ಸಂಗ್ರಹಾಲಯಗಳನ್ನು ಜಾಲಾಡಿದ ಡೆನ್ಮಾರ್ಕಿನ ಲಿಸ್ ಪಲೂಡನ್ 1986ರ ತಮ್ಮ ಗ್ರಂಥದಲ್ಲಿ ಬಂದು ನಿಂತ ತೀರ್ಮಾನವೂ ಇದೇ: 1800ಕ್ಕಿಂತ ಹಿಂದೆ ಯುರೋಪಿನಲ್ಲಿ ಕ್ರೋಶಾ ಇತ್ತೆನ್ನಲು ನಂಬಬಹುದಾದ ಪುರಾವೆಯಿಲ್ಲ. ಈ ಕಸುಬಿಗೆ ಎರಡು ಶತಮಾನದ ಆಸುಪಾಸಿನ ವಯಸ್ಸು ಅಷ್ಟೆ.

ಇದಕ್ಕೆ ಎದುರಾಗಿ ಹೇಳುವವರಿದ್ದಾರೆ. ಈಜಿಪ್ಟಿನ ಮರಳಿನಲ್ಲಿ ಸಾವಿರದೇಳುನೂರು ವರ್ಷ ಹಿಂದಿನ ಮಗುವಿನ ಪಟ್ಟೆಪಟ್ಟೆಯ ಉಣ್ಣೆ ಕಾಲುಚೀಲ ಸಿಕ್ಕಿದೆಯಲ್ಲ? ಚೀನಾದ ತಾರಿಮ್ ಕಣಿವೆಯಲ್ಲಿ, ಎರಡೂವರೆ ಸಾವಿರಕ್ಕೂ ಹೆಚ್ಚು ವರ್ಷದಿಂದ ಒಣಗಿ ಉಳಿದಿರುವ ಹಸುಗೂಸಿನ ತಲೆಯ ಮೇಲೆ ನೀಲಿ ಉಣ್ಣೆಯ ಟೋಪಿಯಿದೆಯಲ್ಲ? ಎರಡೂ ನಿಜ, ಎರಡೂ ಮನಸ್ಸು ಕಲಕುವ ವಸ್ತುಗಳು. ಆದರೆ ತಾರಿಮ್‌ನ ಟೋಪಿ ಒತ್ತುಣ್ಣೆಯದು, ನಮ್ಮ ಕಂಬಳಿಯಂತೆ ನೇಯ್ದದ್ದೂ ಅಲ್ಲ, ಹೆಣೆದದ್ದೂ ಅಲ್ಲ. ಈಜಿಪ್ಟಿನ ಕಾಲುಚೀಲದಲ್ಲಿ ಕಣ್ಣಿರುವ ಸೂಜಿಗೆ ತುಂಡು ದಾರ ಪೋಣಿಸಿ, ಪ್ರತಿ ಕುಣಿಕೆಯಲ್ಲೂ ಆ ದಾರವನ್ನು ತುದಿಯವರೆಗೆ ಎಳೆದಿದ್ದಾರೆ. ವ್ಯತ್ಯಾಸ ಪಂಡಿತರ ಹಟವಲ್ಲ. ಅಂಥ ಹೆಣಿಗೆಯ ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುವುದಿಲ್ಲ. ಕ್ರೋಶಾ ಸರಸರನೆ ಬಿಚ್ಚಿಕೊಂಡು ಮತ್ತೆ ದಾರದ ಉಂಡೆಯಾಗುತ್ತದೆ. ಕ್ರೋಶಾ ಇದ್ದಿರಬಹುದು, ಬಡವರ ಉಡುಪಾದ್ದರಿಂದ ಉಳಿದಿರಲಿಕ್ಕಿಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಎರಡು ಕಡ್ಡಿಯ ಹೆಣಿಗೆಯೂ ಬಡವರದೇ, ಅದೇ ಉಣ್ಣೆಯದೇ. ಲಂಡನ್ನಿನ ಹಳೆಯ ಕಸದ ಗುಂಡಿಗಳಲ್ಲಿ 16ನೇ ಶತಮಾನದ ಹೆಣೆದ ಟೋಪಿಗಳು ಸಿಕ್ಕಿವೆ. ಒಂದೇ ಮಣ್ಣು ಒಂದನ್ನು ಉಳಿಸಿ, ಪಕ್ಕದಲ್ಲಿದ್ದ ಇನ್ನೊಂದನ್ನು ಮಾತ್ರ ಎಲ್ಲ ಊರುಗಳಲ್ಲೂ ತಪ್ಪದೆ ತಿಂದುಹಾಕಿತು ಎನ್ನುವುದು ಒಪ್ಪಲಾಗದ ಮಾತು.

ಹಾಗಾದರೆ ಕೊಕ್ಕೆ ಎಲ್ಲಿಂದ ಬಂತು? ಇಲ್ಲೊಂದು ಊಹೆ ನಮಗೆ ಹತ್ತಿರದ್ದು. ಮದುವೆಯ ರವಿಕೆಗೆ ಆರಿ ವರ್ಕ್ ಮಾಡಿಸುವವರಿಗೆ ಆ ಕೊಕ್ಕೆಸೂಜಿ ಗೊತ್ತು: ಚೌಕಟ್ಟಿಗೆ ಬಿಗಿದ ಬಟ್ಟೆಯ ಅಡಿಯಿಂದ ದಾರವನ್ನು ಮೇಲೆಳೆದು ಸರಪಳಿ ಹೊಲಿಗೆ ಬಿಡಿಸುವ ಉಪಕರಣ. ಏಷ್ಯಾದ ಈ ಕೆಲಸ 18ನೇ ಶತಮಾನದಲ್ಲಿ ಯುರೋಪಿಗೆ ಹೋಯಿತು; ಫ್ರಾನ್ಸಿನ ಅರಮನೆಯ ಕಸೂತಿ ವಿನ್ಯಾಸಗಾರ ಸೇಂಟ್ ಓಬಿನ್ 1770ರ ತನ್ನ ಪುಸ್ತಕದಲ್ಲಿ ಅದನ್ನು ವರ್ಣಿಸಿದ್ದಾನೆ. ಯಾರೋ ಒಬ್ಬರು ಅಡಿಯ ಬಟ್ಟೆಯನ್ನೇ ತೆಗೆದುಹಾಕಿ ಸರಪಳಿಯನ್ನು ಗಾಳಿಯಲ್ಲಿ ಮುಂದುವರಿಸಿದಾಗ ಕ್ರೋಶಾ ಹುಟ್ಟಿತು ಎಂದು ಕೆಲವರ ವಾದ. ಸಾಬೀತಾದ ಮಾತಲ್ಲ. ಕಾಲದ ಲೆಕ್ಕ ಮಾತ್ರ ಚೆನ್ನಾಗಿ ಕೂಡುತ್ತದೆ.

ಇನ್ನು ಮಗುವಿನ ಟೋಪಿ. ಅದು ಕ್ರೋಶಾಗಿಂತ ಬಹಳ ಹಿರಿಯದು, ಆದರೆ ಅದರ ಉದ್ದೇಶ ಬೇರೆ. ಯುರೋಪಿನ ಹಸುಗೂಸುಗಳು ಶತಮಾನಗಳ ಕಾಲ ಹಗಲು ರಾತ್ರಿ, ಮನೆಯ ಒಳಗೆ, ಬೇಸಿಗೆಯಲ್ಲೂ ಟೋಪಿ ತೊಟ್ಟಿದ್ದವು. ಅದು ನಾರಗಸೆಯ ಬಿಳಿ ಬಟ್ಟೆಯದು. ಅನೇಕ ಕಡೆ ಒಳಗೊಂದು, ಹೊರಗೊಂದು, ಹೀಗೆ ಎರಡು. ಇಂಗ್ಲೆಂಡಿನಲ್ಲಿ ನೆತ್ತಿಯ ಮೇಲೆ ಸೂಜಿ ಕಸೂತಿಯ ಬಿಲ್ಲೆ ಕೂರಿಸುತ್ತಿದ್ದರು. ತಲೆ ಮುಚ್ಚಿರುವುದು ದೊಡ್ಡವರಿಗೂ ಮರ್ಯಾದೆಯಾಗಿದ್ದ ಕಾಲದಲ್ಲಿ ಮಗುವಿಗೆ ಮಾತ್ರ ವಿನಾಯಿತಿ ಎಲ್ಲಿಂದ ಬರಬೇಕು? ಚಳಿಯೇ ಕಾರಣವಾಗಿದ್ದರೆ ಟೋಪಿ ಉಣ್ಣೆಯದಾಗಿರಬೇಕಿತ್ತು, ಜುಲೈ ತಿಂಗಳಲ್ಲಿ ಪೆಟ್ಟಿಗೆ ಸೇರಬೇಕಿತ್ತು. ಕೊನೆಗೆ ವೈದ್ಯರೇ ತಕರಾರು ತೆಗೆದರು. ವಿಲಿಯಂ ಕ್ಯಾಡೊಗನ್ 1748ರಲ್ಲಿ, ಲಂಡನ್ನಿನ ಅನಾಥ ಶಿಶುಗಳ ಪಾಲನಾಗೃಹದ ಆಡಳಿತದವರಿಗೆ ಬರೆದ ಪ್ರಬಂಧದಲ್ಲಿ, ಮಕ್ಕಳಿಗೆ ಮಿತಿಮೀರಿ ಬಟ್ಟೆ ಸುತ್ತುವುದನ್ನು ಬೈದ. ತತ್ವಜ್ಞಾನಿ ರೂಸೋ ತನ್ನ 1762ರ ಪುಸ್ತಕ ಎಮಿಲ್‌ನಲ್ಲಿ ಬಿಗಿಪಟ್ಟಿಯ ಜೊತೆಗೆ ಟೋಪಿಯನ್ನೂ ತಿರಸ್ಕರಿಸಿದ. ಹೀಗೆ ಕ್ರೋಶಾ ಮೈದಾನಕ್ಕೆ ಇಳಿಯುವ ಹೊತ್ತಿಗೆ ಮಗುವಿನ ಟೋಪಿ ತನ್ನ ಹಳೆಯ ಅಧಿಕಾರ ಕಳೆದುಕೊಳ್ಳತೊಡಗಿತ್ತು. ಅದು ಬದುಕಿದ್ದು ಮನೆಯೊಳಗಿಂದ ಹೊಸ್ತಿಲು ದಾಟಿ, ತಳ್ಳುಗಾಡಿಯಲ್ಲಿ ಕೂತು ಗಾಳಿಸೇವನೆಗೆ ಹೊರಟಾಗ.

1840ರ ದಶಕದಲ್ಲಿ ಮೂರು ನಾಲ್ಕು ಸಂಗತಿಗಳು ಒಟ್ಟಿಗೆ ಕೂಡಿದವು. ಸ್ಯಾಕ್ಸನಿಯ ಮೆರಿನೊ ಕುರಿಗಳ ಮೆತ್ತನೆಯ ಉಣ್ಣೆ ಗೋಥಾದಲ್ಲಿ ನೂಲಾಗಿ, ಬರ್ಲಿನ್ನಿನಲ್ಲಿ ಬಣ್ಣ ಹೊಂದಿ, ಬರ್ಲಿನ್ ಉಲ್ಲನ್ ಎಂಬ ಹೆಸರಲ್ಲಿ ಊರೂರ ಅಂಗಡಿಗೆ ಬಂತು. ಮಗುವಿನ ಹಣೆಗೆ ಚುಚ್ಚದ ಉಣ್ಣೆ ಮಧ್ಯಮ ವರ್ಗದ ಕೈಗೆ ಸಿಕ್ಕಿದ್ದು ಹೀಗೆ. ಎಡಿನ್‌ಬರಾದ ಜೇನ್ ಗಾಗೇನ್ 1840ರಲ್ಲಿ, ರಿಯೆಗೊ ದ ಲಾ ಬ್ರಾಂಶಾರ್ಡಿಯೇರ್ 1846ರಲ್ಲಿ ತಂದ ಪುಸ್ತಕಗಳು ಕೈಯಿಂದ ಕೈಗೆ ದಾಟುತ್ತಿದ್ದ ವಿದ್ಯೆಯನ್ನು ಓದಿ ಕಲಿಯಬಹುದಾದ ವಿದ್ಯೆಯಾಗಿ ಮಾಡಿದವು. ಅಚ್ಚಿನಿಂದ ಹೊಸ ಗೊಂದಲವೂ ಹುಟ್ಟಿತು: ಇಂಗ್ಲೆಂಡಿನ ಪುಸ್ತಕದ ಡಬಲ್ ಕ್ರೋಶಾ ಅಮೆರಿಕದಲ್ಲಿ ಸಿಂಗಲ್ ಆಗಿರುವುದರಿಂದ, ದೇಶ ತಪ್ಪಿ ಓದಿದವಳ ಕೈಯಲ್ಲಿ ಕೂಸಿನ ಟೋಪಿ ಸೋದರಮಾವನ ಅಳತೆಗೆ ಬೆಳೆದುಬಿಡುತ್ತದೆ. ಅದೇ ವೇಳೆಗೆ 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಕ್ಷಾಮ ಬಿತ್ತು. ಕಾರ್ಕ್ ಸೀಮೆಯಲ್ಲಿ ಉರ್ಸುಲೈನ್ ಸಂನ್ಯಾಸಿನಿಯರೂ, 1847ರಲ್ಲಿ ಕ್ಲೋನ್ಸ್ ಊರಿನಲ್ಲಿ ಪಾದ್ರಿಯ ಹೆಂಡತಿ ಕ್ಯಾಸಾಂಡ್ರಾ ಹ್ಯಾಂಡ್ ಕೂಡ ಹಸಿದ ಮನೆಗಳ ಹೆಂಗಸರಿಗೆ ಕ್ರೋಶಾ ಲೇಸ್ ಕಲಿಸಿ ಮಾರಾಟಕ್ಕೆ ದಾರಿ ಮಾಡಿದರು. ಅಲ್ಲಿಯದು ಸಣ್ಣ ಬಿಳಿ ಹತ್ತಿಯ ಕೆಲಸ, ಶ್ರೀಮಂತರ ಕೊರಳಪಟ್ಟಿಗೆ ಹೋಗುತ್ತಿದ್ದದ್ದು. ಬೆಚ್ಚನೆಯ ಉಣ್ಣೆ ಟೋಪಿಯಲ್ಲ. ಆದರೂ ಕ್ರೋಶಾ ಎಂಬುದು ಶೋಕಿಯ ಜೊತೆಗೆ ಹೊಟ್ಟೆಪಾಡೂ ಆಗಬಲ್ಲದು ಎಂದು ಪ್ರಪಂಚಕ್ಕೆ ತೋರಿಸಿದ್ದು ಐರ್ಲೆಂಡೇ.

ಉಣ್ಣೆ ಮತ್ತು ಪುಸ್ತಕ ಇದ್ದರೂ ಮಗುವಿನ ಟೋಪಿಯೇ ಯಾಕೆ ಕ್ರೋಶಾದ ಮುದ್ದಿನ ವಸ್ತುವಾಯಿತು? ಉತ್ತರ ಅದರ ಕಟ್ಟಿನಲ್ಲಿದೆ. ಹೊಲಿಗೆಯವನು ಚಪ್ಪಟೆ ಬಟ್ಟೆಯಿಂದ ಗುಂಡುತಲೆಗೆ ಟೋಪಿ ಮಾಡಲು ತುಂಡು ಕತ್ತರಿಸಿ ನೆರಿಗೆ ಹಿಡಿಯಬೇಕು. ಎರಡು ಕಡ್ಡಿಯ ಹೆಣಿಗೆಯಲ್ಲಿ ಕೊಳವೆಯಂತೆ ಸುತ್ತಲು ನಾಲ್ಕೈದು ಕಡ್ಡಿ ಬೇಕು, ಒಂದು ಜಾರಿದರೆ ಸಾಲೇ ಬಿಚ್ಚಿಹೋಗುತ್ತದೆ. ಕ್ರೋಶಾದಲ್ಲಿ ಕಡ್ಡಿಯ ಮೇಲಿರುವುದು ಬಹುಮಟ್ಟಿಗೆ ಒಂದೇ ಕುಣಿಕೆ. ನೆತ್ತಿಯಲ್ಲಿ ಆರು ಹೊಲಿಗೆಯ ಪುಟ್ಟ ಬಳೆ ಹಾಕಿ ಪ್ರತಿ ಸುತ್ತಿಗೆ ಆರಾರು ಹೆಚ್ಚಿಸುತ್ತ ಹೋದರೆ ಬಿಲ್ಲೆ ಚಪ್ಪಟೆಯಾಗಿ ಅಗಲವಾಗುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದ ಸುತ್ತಿನಿಂದ ಅಂಚು ತಾನಾಗಿ ಕೆಳಗೆ ಬಾಗಿ ಬಟ್ಟಲಾಗುತ್ತದೆ. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರು, ಆದ್ದರಿಂದ ಬಿಲ್ಲೆ 11ಕ್ಕೆ ಬಂದಾಗ ನಿಲ್ಲಿಸಿದರೆ ಸಾಕು. ವರ್ಷ ತುಂಬುವಷ್ಟರಲ್ಲಿ ಆ ತಲೆ 45 ದಾಟುತ್ತದೆ. ಹೊಲಿದ ಕುಲಾವಿ ಆಗ ಮೂಲೆಗೆ ಬೀಳುತ್ತದೆ. ಕ್ರೋಶಾ ಟೋಪಿ ಒಂದಷ್ಟು ಹಿಗ್ಗಿ, ಆಮೇಲೂ ಸಾಲದಿದ್ದರೆ ಬಿಚ್ಚಿ ಇನ್ನೆರಡು ಸುತ್ತು ಕೂಡಿಸಿಕೊಳ್ಳುತ್ತದೆ. ಮಗುವನ್ನು ನೋಡದೆಯೇ ಶುರುಮಾಡಬಹುದಾದ ಟೋಪಿ ಇದು. ಗಾದೆಯ ಬೈಗುಳ ಇದಕ್ಕೆ ಅಷ್ಟಾಗಿ ತಾಗುವುದಿಲ್ಲ.

ಇಷ್ಟಾದ ಮೇಲೂ, ಕೂಸಿನ ತಲೆ ಬೆಚ್ಚಗಿರಬೇಕೆಂಬುದು ವಿಜ್ಞಾನವಲ್ಲವೇ, ತಾಯಂದಿರಿಗೆ ಅದು ಮೊದಲೇ ತಿಳಿದಿರಲಿಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ವಿಜ್ಞಾನ ಹೌದು. ನವಜಾತ ಶಿಶುವಿನ ಮೈಯ ಹೊರಮೈಯಲ್ಲಿ ಸುಮಾರು ಐದರಲ್ಲೊಂದು ಪಾಲು ತಲೆಯದೇ, ದೊಡ್ಡವರಲ್ಲಿ ಹತ್ತರಲ್ಲೊಂದಕ್ಕಿಂತ ಕಡಿಮೆ. ಆದರೆ ಇಸವಿಗಳ ಲೆಕ್ಕ ನೋಡಿ. ಪ್ಯಾರಿಸ್ಸಿನಲ್ಲಿ ವೈದ್ಯ ತಾರ್ನಿಯೇ ಶಿಶುಗಳನ್ನು ಬಿಸಿ ಪೆಟ್ಟಿಗೆಯಲ್ಲಿ ಇಡತೊಡಗಿದ್ದು 1880ರ ಹೊತ್ತಿಗೆ. ಶಾಖದ ಸಣ್ಣ ವ್ಯತ್ಯಾಸವೂ ದಿನ ತುಂಬದ ಕೂಸಿನ ಸಾವು ಬದುಕನ್ನು ನಿರ್ಧರಿಸುತ್ತದೆಂದು ಅಮೆರಿಕದ ವೈದ್ಯ ಸಿಲ್ವರ್‌ಮನ್ ಮತ್ತು ಜೊತೆಗಾರರು ತೋರಿಸಿದ್ದು 1958ರಲ್ಲಿ. ಹೆರಿಗೆ ಕೋಣೆಯ ಟೋಪಿಗಳನ್ನೇ ಪರೀಕ್ಷೆಗೊಡ್ಡಿದ್ದು 1980ರ ಆಸುಪಾಸು. ಆಗ ತೆಳು ಬನಿಯನ್ ಬಟ್ಟೆಯ ಟೋಪಿಗಿಂತ ಒಳಗೆ ಹತ್ತಿಯ ಪದರವಿದ್ದ ಟೋಪಿ ಮೇಲೆಂದು ಕಂಡಿತು. ಅಷ್ಟರಲ್ಲಿ ಕ್ರೋಶಾ ಟೋಪಿ ಮನೆಮನೆಗೆ ಬಂದು ನೂರು ವರ್ಷ ದಾಟಿತ್ತು. ಅದೂ ಅಲ್ಲದೆ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ, ಹುಟ್ಟಿದ ಮೊದಲ ಕೆಲವು ಗಂಟೆ ಮತ್ತು ಆಸ್ಪತ್ರೆಯ ವಿಶೇಷ ಘಟಕ ಬಿಟ್ಟರೆ, ಮನೆಯೊಳಗೆ ಮಲಗಿಸುವಾಗ ಟೋಪಿ ಬೇಡವೆಂದಿದೆ. ಮೈ ಅತಿಯಾಗಿ ಬಿಸಿಯಾಗುವುದು ಅಪಾಯ. ತಾಯಂದಿರ ತಿಳಿವಳಿಕೆಯ ಮಾತಿಗೆ ಬಂದರೆ, ನಮ್ಮ ಬಾಣಂತಿ ಕೋಣೆಯಲ್ಲಿ ಕುಲಾವಿ ಕಟ್ಟುತ್ತಿದ್ದದ್ದು ಚಳಿಗೆ ಎನ್ನುವುದಕ್ಕಿಂತ ಕೂಸಿನ ಕಿವಿಗೆ ಗಾಳಿ ಹೋಗಬಾರದೆಂದು. ಏಪ್ರಿಲ್‌ನ ಬೆಂಗಳೂರಿನಲ್ಲೂ ಉಲ್ಲನ್ ಟೋಪಿಯೊಳಗೆ ಬೆವರುವ ಕೂಸುಗಳು ಕಾಣುವುದು ಆ ನಂಬಿಕೆಯ ಬಲದಿಂದಲೇ. ಹಳೆಯ ಕಾರಣ ಹೊಸ ವಸ್ತುವಿನೊಳಗೆ ಸೇರಿಕೊಂಡಿದೆ. ಆ ವಸ್ತುವೂ ಈಗ ಕುರಿಯದಲ್ಲ. 1950ರಿಂದ ಮಾರುಕಟ್ಟೆಗೆ ಬಂದ ಅಕ್ರಿಲಿಕ್ ಎಳೆಯೇ ನಮ್ಮಲ್ಲಿ ಉಲ್ಲನ್ ಎಂಬ ಹೆಸರು ಹೊತ್ತು ಓಡಾಡುತ್ತಿದೆ.

ಯಂತ್ರಯುಗದ ಕೂಸು ಎಂದೆ. ಅದಕ್ಕೊಂದು ತಿದ್ದುಪಡಿ ಬೇಕು. ಉಣ್ಣೆ ನೂಲಿದ್ದು ಯಂತ್ರ, ಮಾದರಿ ಅಚ್ಚಿಟ್ಟದ್ದು ಯಂತ್ರ, ಆದರೆ ಕ್ರೋಶಾದ ಕುಣಿಕೆ ಹಾಕುವುದು ಕೈಯೇ. ಎರಡು ಕಡ್ಡಿಯ ಹೆಣಿಗೆಯನ್ನು ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಚೌಕಟ್ಟಿಗೆ ಏರಿಸಿದ. ಕ್ರೋಶಾ ಇಂದಿಗೂ ಯಾವ ಕಾರ್ಖಾನೆಗೂ ಬಗ್ಗಿಲ್ಲ. ಕ್ರೋಶಾ ಯಂತ್ರವೆಂದು ಮಾರುವವು ಹೆಣೆಯುವುದು ಬೇರೆ ಬಗೆಯ ಹೆಣಿಗೆಯನ್ನು. ಹೀಗಾಗಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ನಿಜವಾದ ಕ್ರೋಶಾ ಟೋಪಿಯ ಹಿಂದೆ ಯಾವಳೋ ಒಬ್ಬಳ ಬೆರಳು ಇದ್ದೇ ಇದೆ. ಆ ಬೆರಳಿನ ಬೆಲೆ ಎಷ್ಟು ಎಂಬುದನ್ನು ಕೆದಕಿದವರು ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್. ಆಂಧ್ರದ ಗೋದಾವರಿ ಮುಖಜಭೂಮಿಯ ನರಸಾಪುರಕ್ಕೆ 19ನೇ ಶತಮಾನದಲ್ಲಿ ಮಿಷನರಿಗಳು ತಂದ ಕ್ರೋಶಾ ಲೇಸ್ ಅಲ್ಲಿ ರಫ್ತಿನ ಉದ್ಯಮವಾಗಿತ್ತು, ಐರ್ಲೆಂಡಿನ ಕಥೆಯ ಇನ್ನೊಂದು ಅಧ್ಯಾಯದಂತೆ. 1982ರ ತಮ್ಮ ಪುಸ್ತಕದಲ್ಲಿ ಅವರು ತೋರಿಸಿದ್ದು ಇಷ್ಟು: ದಿನವಿಡೀ ದುಡಿಯುವ ಆ ಹೆಂಗಸರು ಲೆಕ್ಕದಲ್ಲಿ ಗೃಹಿಣಿಯರು, ಅವರ ದುಡಿಮೆ ಬಿಡುವಿನ ವೇಳೆಯ ಕೈಗೆಲಸ, ವ್ಯಾಪಾರ ಮತ್ತು ಲಾಭ ಗಂಡಸರದು. ನರಸಾಪುರದ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ. ಹೆಣೆಯುವವರು ಈಗಲೂ ಕೊಕ್ಕೆಕಡ್ಡಿಯಲ್ಲಿ ಒಂದೊಂದೇ ಕುಣಿಕೆಯನ್ನು ಎಳೆಯುತ್ತಿದ್ದಾರೆ.