‘ಜಾಣರಿಗೆ ಮಾತ್ರ’ ಎನ್ನುವ ಹಣ್ಣಿನ ಲೆಕ್ಕ: ಎರಡು ಗೆರೆ ಎಳೆದರೆ ಉತ್ತರ

ಎರಡು ಬಗೆಯ ಹಣ್ಣುಗಳ ಚಿತ್ರ, ಪಕ್ಕದಲ್ಲಿ ಒಟ್ಟು ಬೆಲೆ, ಕೆಳಗೆ ‘ಶೇ. 99 ಮಂದಿಗೆ ಇದು ಬರುವುದಿಲ್ಲ’ ಎಂಬ ಸಾಲು. ಇಂಥ ಲೆಕ್ಕ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ನಿಜವಾಗಿ ಇದು ಹತ್ತನೇ ತರಗತಿಯ ಪಾಠ.

ಲೆಕ್ಕ ಎಷ್ಟು ಹಳೆಯದು?

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲೊಂದು ಲೆಕ್ಕ: 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣಿಗೆ ಒಟ್ಟು ಬೆಲೆ 107. 7 ಮಾದಲ, 9 ಬೇಲಕ್ಕೆ 101. ಒಂದೊಂದು ಹಣ್ಣಿನ ಬೆಲೆ ಎಷ್ಟು? 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಹೊರತಂದಾಗ ನಮ್ಮ ಮೂಡುಬಿದಿರೆಯ ಹಸ್ತಪ್ರತಿಯೂ ನೆರವಾಗಿತ್ತು.

ಗ್ರಾಫ್‌ನಲ್ಲಿ ಬಿಡಿಸುವುದು ಹೇಗೆ?

ಮಹಾವೀರಾಚಾರ್ಯರ ಸೂತ್ರ ಗುಣಿಸಿ, ಕಳೆದು, ಭಾಗಿಸುವಂಥದ್ದು. ಇಂದು ನಾವು ಗ್ರಾಫ್ ಹಾಳೆಯಲ್ಲೂ ಬಿಡಿಸಬಹುದು. ಅಡ್ಡ ಅಕ್ಷದಲ್ಲಿ ಮಾದಲದ ಬೆಲೆ, ಲಂಬ ಅಕ್ಷದಲ್ಲಿ ಬೇಲದ ಬೆಲೆ ಇರಲಿ.

- ಮೊದಲ ಸಮೀಕರಣ: ಮಾದಲ 1 ಆದರೆ ಬೇಲ 14, ಮಾದಲ 11.5 ಆದರೆ ಬೇಲ 0.5. ಈ ಎರಡು ಬಿಂದು ಸೇರಿಸಿ ಗೆರೆ ಎಳೆಯಿರಿ.
- ಎರಡನೆಯದು: ಮಾದಲ 3.5 ಆದರೆ ಬೇಲ 8.5, ಮಾದಲ 12.5 ಆದರೆ ಬೇಲ 1.5. ಇನ್ನೊಂದು ಗೆರೆ ಎಳೆಯಿರಿ.

ಎರಡೂ ಗೆರೆ ಸೇರುವ ಜಾಗವೇ ಉತ್ತರ: ಮಾದಲ 8, ಬೇಲ 5. ಕೈಯಲ್ಲಿ ಎಳೆದ ಗೆರೆ ತುಸು ಜರುಗಬಹುದು, ಹಾಗಾಗಿ ಹಾಕಿ ನೋಡಿ: 72 + 35 = 107, 56 + 45 = 101. ಸರಿ.

ಉತ್ತರ ಯಾವಾಗಲೂ ಒಂದೇ ಇರುತ್ತದೆಯೇ?

ಇಲ್ಲ. ಬಿ.ಸಿ. ರೋಡಿನಲ್ಲೋ ಬೆಳ್ತಂಗಡಿಯಲ್ಲೋ 1 ಕಿಲೋ ಟೊಮೆಟೊ, 1 ಕಿಲೋ ಈರುಳ್ಳಿಗೆ 60 ರೂಪಾಯಿ ಎಂದುಕೊಳ್ಳಿ. ಎರಡೂ 2 ಕಿಲೋಗೆ 120 ಆದರೆ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಎರಡನೇ ಬಿಲ್ ಹೊಸದೇನನ್ನೂ ಹೇಳಲಿಲ್ಲ, ಉತ್ತರಗಳು ಅನಂತ. 110 ಆದರೆ ಗೆರೆಗಳು ಸಮಾಂತರ, ಎಂದೂ ಸೇರುವುದಿಲ್ಲ. ಅಂದರೆ ಎರಡೂ ಬಿಲ್‌ನಲ್ಲಿ ದರ ಒಂದೇ ಅಲ್ಲ: ರಿಯಾಯಿತಿ ಸಿಕ್ಕಿರಬೇಕು, ಇಲ್ಲವೇ ಕೂಡುವುದರಲ್ಲಿ ತಪ್ಪಾಗಿರಬೇಕು.

ಕೊನೆಗೆ ತಿಳಿಯಬೇಕಾದ್ದು

ಗೊತ್ತಿಲ್ಲದ ಬೆಲೆ ಎರಡಿದ್ದರೆ, ಬೇರೆ ಬೇರೆ ಮಾಹಿತಿ ಕೊಡುವ ಎರಡು ಸಮೀಕರಣ ಬೇಕು. ಒಂದೇ ಸಾಲು ಕೊಟ್ಟು ‘ಉತ್ತರ ಹೇಳಿ’ ಎನ್ನುವ ಫಾರ್ವರ್ಡ್‌ಗೆ ಉತ್ತರ ಹೊಳೆಯದಿದ್ದರೆ ಕೊರತೆ ನಿಮ್ಮ ಬುದ್ಧಿಯದ್ದಲ್ಲ, ಆ ಪ್ರಶ್ನೆಯದ್ದು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿದ್ದರೆ ಇದನ್ನು ಅವರಿಗೂ ಕಳಿಸಿ.